ದೇವರು ಮಲಗಿದ ನಾಲ್ಕು ತಿಂಗಳು

ಆಷಾಢ ಶುದ್ಧ ಏಕಾದಶಿಗೆ ದೇವರು ಮಲಗುತ್ತಾನೆ. ಹಾಲುಗಡಲು, ಶೇಷನ ಹಾಸಿಗೆ, ಕಾಲೊತ್ತಲು ಲಕ್ಷ್ಮಿ. ಇಷ್ಟೆಲ್ಲ ಇದ್ದಮೇಲೆ ಯಾರಿಗೆ ತಾನೆ ನಿದ್ದೆ ಬಾರದು! ಭಾದ್ರಪದದ ಏಕಾದಶಿಗೆ ಒಮ್ಮೆ ಮಗ್ಗಲು ಹೊರಳುತ್ತಾನೆ, ಕಾರ್ತಿಕದಲ್ಲಿ ಉತ್ಥಾನ ದ್ವಾದಶಿಯ ಹೊತ್ತಿಗೆ ಏಳುತ್ತಾನೆ. ಅಲ್ಲಿಯವರೆಗೆ ಚಾತುರ್ಮಾಸ್ಯ. ಊರೂರು ಅಲೆಯುವ ಸಂನ್ಯಾಸಿಗಳು ಒಂದೇ ಊರಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ನಡೆದರೆ ಕಾಲಡಿಗೆ ಹುಳುಹುಪ್ಪಟೆ ಸಿಕ್ಕೀತೆಂಬ ಅಂಜಿಕೆ. ಜೈನ ಮುನಿಗಳಿಗೂ ಬೌದ್ಧ ಭಿಕ್ಷುಗಳಿಗೂ ಮಳೆಗಾಲಕ್ಕೆ ಇಂಥದೇ ಕಟ್ಟಳೆಯುಂಟು. ಮಠದ ಸಂಪ್ರದಾಯದ ನಮ್ಮಂಥ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತವೆಂದು ಕಾಯಿಪಲ್ಲೆ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳು. ಮಲಗಿದವನು ಅವನು, ಪಥ್ಯ ನಮಗೆ.

ನಾನು ನಿವೃತ್ತನಾದದ್ದು ಇಂಥದೊಂದು ಆಷಾಢದ ಹೊಸ್ತಿಲಲ್ಲಿ. ಬ್ಯಾಂಕಿನವರಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನವೇ ಕಡೆಯ ದಿನ. ಶಾಲು ಹೊದಿಸಿದರು, ಹಾರ ಹಾಕಿದರು, ಕುರ್ಚಿಯ ಬೆನ್ನಿಗಿದ್ದ ನನ್ನ ಟವೆಲ್ಲನ್ನು ಮಡಚಿ ಚೀಲದಲ್ಲಿಟ್ಟು ಕೈಗೆ ಕೊಟ್ಟರು. ಮುಂದಿನ ವಾರವೇ ಹೆಂಡತಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಳು. ಅವಳ ಪೆಟ್ಟಿಗೆಯಲ್ಲಿ ಅಂಟಿನುಂಡಿ, ಅಜವಾನ, ಒಣಶುಂಠಿ, ಕೂಸಿಗೆ ಕುಂಚಿಗೆ. ಹೋಗುವ ಮುನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದಳು. ‘ಉಪ್ಪು’, ‘ಸಕ್ಕರೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದನ್ನು ಓದಿದಾಗ, ಇಷ್ಟು ವರ್ಷ ಸಂಸಾರ ಮಾಡಿಯೂ ನನ್ನ ಬಗ್ಗೆ ಅವಳ ಅಭಿಪ್ರಾಯವೇನೆಂದು ಖಾತ್ರಿಯಾಯಿತು. ಬೆಂಗಳೂರಿನ ಮಗ ಫೋನು ಮಾಡಿ, “ಅಪ್ಪಾ, ಅಮ್ಮ ತಿರುಗಿ ಬರೋದ್ರಾಗ ಧಾರವಾಡದ ಮನೀದು ಏನರೇ ಒಂದು ವಿಚಾರ ಮಾಡ್ರಿ. ಮಾರಿ ಇಲ್ಲೇ ಬಂದ್ಬಿಡ್ರಿ” ಎಂದ. ಹೀಗಾಗಿ ಒಂದೇ ತಿಂಗಳೊಳಗೆ ಕೆಲಸ ಮುಗಿದಿತ್ತು, ಹೆಂಡತಿ ಹನ್ನೆರಡೂವರೆ ತಾಸು ಹಿಂದಿರುವ ದೇಶ ಸೇರಿದ್ದಳು, ಕೂತ ಮನೆ ಇನ್ನೆಷ್ಟು ದಿನ ನಮ್ಮದೆಂಬುದು ತಿಳಿಯದಾಗಿತ್ತು.

ಧಾರವಾಡದ ಆಷಾಢದ ಮಳೆಗೆ ಸುರಿದು ಮುಗಿಸುವ ಅವಸರವಿಲ್ಲ. ಜಿಟಿಜಿಟಿ ಹಿಡಿಯಿತೆಂದರೆ ಹಿಡಿಯಿತು. ಹಗಲು ಹೇಗೋ ಸರಿಯುತ್ತಿತ್ತು. ಕಠಿಣವಾದದ್ದು ಸಂಜೆ ಆರರಿಂದ ಎಂಟರವರೆಗಿನ ಹೊತ್ತು. ದುಡಿಯುವ ಕಾಲದಲ್ಲಿ ಅದು ಮನೆಗೆ ಬರುವ ಹೊತ್ತು. ಈಗ ಹೊರಗೆ ಹೋಗಿದ್ದರಲ್ಲವೇ ಬರುವುದು? ಹಾಲಿನವನಿಗೆ “ನಾಳಿಂದ ಅರ್ಧಾ ಲೀಟರ್ ಸಾಕಪಾ” ಎಂದೆ. ಅವನು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಹತ್ತು ನಿಮಿಷ ಮಾತಾಡಬಹುದಿತ್ತು. ಓಣಿಯವರು ಕೇಳುತ್ತಿದ್ದುದು ಒಂದೇ: “ವೈನಿ ಯಾವಾಗ ಬರ್ತಾರ್ರೀ?” ರಾತ್ರಿ ಒಂಬತ್ತಕ್ಕೆ, ಅಲ್ಲಿ ಬೆಳಗಾದ ಮೇಲೆ, ವೈನಿಯ ಫೋನು ಬರುತ್ತಿತ್ತು. “ಊಟಕ್ಕ ಏನ್ ಮಾಡ್ಕೊಂಡ್ರಿ?” ತಟ್ಟೆಯಲ್ಲಿದ್ದದ್ದು ಒಗ್ಗರಣೆ ಹಾಕಿದ ಅವಲಕ್ಕಿ. ಅವಳಿಗೆ ಚಿಂತೆ ಯಾಕೆಂದು, “ಅನ್ನ, ಸಾರು, ಬದನೀಕಾಯಿ ಪಲ್ಯಾ” ಎಂದೆ. ಸಾವಿರಾರು ಮೈಲಿ ಆಚೆಯಿಂದ ತಕ್ಷಣ ಉತ್ತರ ಬಂತು: “ಶಾಕವ್ರತದಾಗ ಬದನೀಕಾಯಿ ಎಲ್ಲಿಂದ ಬಂತು?”

ಅವಳು ಒಪ್ಪಿಸಿ ಹೋದ ಇನ್ನೊಂದು ಜವಾಬ್ದಾರಿ ದೇವರ ಪೂಜೆ. ನಮ್ಮ ದೇವರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಸಾಲಿಗ್ರಾಮ, ಒಬ್ಬ ಬಾಲಕೃಷ್ಣ, ಹೆಬ್ಬೆರಳುದ್ದದ ಹಿತ್ತಾಳೆಯ ವಿಠ್ಠಲ. ನೌಕರಿಯ ದಿನಗಳಲ್ಲಿ ಸ್ನಾನಕ್ಕೂ ಸ್ಕೂಟರಿಗೂ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಅವರ ಮೈಮೇಲೆ ನೀರು ಬೀಳುತ್ತಿತ್ತು. ಈಗ ಅವಸರ ಮಾಡಲು ಕಾರಣವೇ ಇರಲಿಲ್ಲ. ಪುರುಸೊತ್ತು ಇದ್ದವನಿಗೆ ಮೊದಲು ಬರುವುದು ಸಂಶಯ. ಒಂದು ದಿನ ಮಠಕ್ಕೆ ಹೋದಾಗ ಆಚಾರ್ಯರನ್ನು ಕೇಳಿಯೇಬಿಟ್ಟೆ: “ಆಚಾರ್ರೇ, ದೇವ್ರು ಮಲಗ್ಯಾನ ಅಂತೀರಿ. ಮತ್ತ ದಿನಾ ಮುಂಜಾನೆ ಎಬ್ಬಿಸಿ ಸ್ನಾನಾ ಯಾಕ ಮಾಡಸ್ತೀವಿ?” ಅವರು ತುಳಸಿ ಬಿಡಿಸುತ್ತಿದ್ದರು. ತಲೆ ಎತ್ತದೆ, “ನೀವು ಮಲಗಿದಾಗ ನಿಮ್ಮ ಉಸಿರು ನಿಂತಿರ್ತದೇನ್ರಿ?” ಎಂದರು. ಅಷ್ಟು ಹೇಳಿ ತಮ್ಮ ತುಳಸಿಗೆ ಮರಳಿದರು.

ಮನೆಗೆ ಬಂದು ಪಂಚಾಂಗ ತೆಗೆದು ಕೂತೆ. ನಾಗರ ಪಂಚಮಿ, ಅದರ ಉಂಡಿ, ಜೋಕಾಲಿ, ಶ್ರಾವಣದ ಶುಕ್ರವಾರ ಶನಿವಾರಗಳು, ಚೌತಿ, ನವರಾತ್ರಿ, ಬನ್ನಿ ಕೊಡುವುದು, ದೀಪಾವಳಿ. ನಮ್ಮ ದೊಡ್ಡ ಹಬ್ಬಗಳಲ್ಲಿ ಹೆಚ್ಚಿನವು ಅವನು ಮಲಗಿದ ನಾಲ್ಕು ತಿಂಗಳೊಳಗೇ ಬರುತ್ತವೆ. ಗೋಕುಲಾಷ್ಟಮಿಯೂ ಶ್ರಾವಣದಲ್ಲೇ; ತನ್ನ ಹುಟ್ಟುಹಬ್ಬವನ್ನೂ ಪುಣ್ಯಾತ್ಮ ನಿದ್ದೆಯಲ್ಲೇ ಕಳೆಯುತ್ತಾನೆ. ಹೊಲದ ಕಡೆ ನೋಡಿದರೂ ಅಷ್ಟೇ. ಮುಂಗಾರಿನ ಹೆಸರು ಬೆಳೆದು ಕಿತ್ತು ಒಕ್ಕುವುದು, ಹಿಂಗಾರಿಗೆ ಜೋಳ, ಕಡಲೆ ಬಿತ್ತುವುದು ಈ ಅವಧಿಯಲ್ಲೇ. ಅವನು ಏಳಲಿ, ಆಮೇಲೆ ಬಿತ್ತೋಣ ಎಂದು ಯಾವ ರೈತನೂ ಕೂರಿಗೆ ಕಟ್ಟಿಟ್ಟಿದ್ದನ್ನು ನಾನು ಕಂಡಿಲ್ಲ. ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿಗಳು ರಾಶಿ ಬೀಳುತ್ತಿದ್ದುದೂ ಈ ದಿನಗಳಲ್ಲೇ.

ಇದು ಹಗಲಿನ ತಿಳಿವಳಿಕೆ. ರಾತ್ರಿಯ ಮಾತು ಬೇರೆ. ಮೊಮ್ಮಗಳು ಹುಟ್ಟಿದ ಮೂರನೆಯ ದಿನಕ್ಕೆ ಅವಳಿಗೆ ಕಾಮಾಲೆ ಎಂದು ಫೋನು ಬಂತು. ಹಸುಗೂಸುಗಳಿಗೆ ಇದು ಸಾಮಾನ್ಯ, ಬೆಳಕಿನಡಿ ಮಲಗಿಸುತ್ತಾರೆ, ಹೆದರಬೇಡಿ ಎಂದು ಅಳಿಯ ಹೇಳಿದ. ಹೆದರಬೇಡಿ ಎಂದ ಮೇಲೆ ಹೆದರದಿರುವವರು ಯಾರು? ಹೆಂಡತಿ ಪಕ್ಕದಲ್ಲಿದ್ದರೆ ಅವಳಿಗೆ ಧೈರ್ಯ ಹೇಳುವ ನೆಪದಲ್ಲಿ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ. ಆ ಸೌಲಭ್ಯವೂ ಇರಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ಎಣ್ಣೆ ತೀರಿದಂತೆಲ್ಲ ಹಾಕುತ್ತ ಬೆಳತನಕ ಕೂತೆ. ಏನೇನೋ ಕೇಳಿಕೊಂಡೆ. ಕೂಸಿನದು ಮುಗಿದ ಮೇಲೆ ಮನೆಯದು, ಮನೆಯದು ಮುಗಿದ ಮೇಲೆ ನನ್ನದು. ಇನ್ನು ನಾನು ಏನು, ಎಲ್ಲಿ, ಯಾರಿಗೆ ಬೇಕಾದವನು? ಹಿತ್ತಾಳೆಯ ವಿಠ್ಠಲ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ. ಒಂದು ಮಾತಿಲ್ಲ. ಎರಡು ದಿನಕ್ಕೆ ಕೂಸು ಆರಾಮಾಯಿತು. ಆರಾಮು ಮಾಡಿದ್ದು ಆಸ್ಪತ್ರೆಯ ನೀಲಿ ಬೆಳಕು. ಅದರ ಕೀರ್ತಿಯನ್ನು ನನ್ನ ಎಣ್ಣೆದೀಪಕ್ಕೆ ಹಚ್ಚುವ ಮನಸ್ಸಿಲ್ಲ. ಆದರೆ ಆ ರಾತ್ರಿಯನ್ನು ನಾನು ದಾಟಿದ್ದು ಈ ದೀಪದ ಮುಂದೆ ಕೂತು, ಅದೂ ಸುಳ್ಳಲ್ಲ.

ಹಿಂದೆ, ತೊಂಬತ್ತರ ದಶಕದಲ್ಲಿ, ನಮ್ಮ ನಾಡಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ದೆವ್ವಕ್ಕೂ ಅಕ್ಷರ ಬರುತ್ತದೆ, ಕೊಟ್ಟ ಮಾತಿಗೆ ಬೆಲೆ ಕೊಡುತ್ತದೆ ಎಂಬ ಆ ಭರವಸೆ ನನಗೆ ಇಂದಿಗೂ ಇಷ್ಟ. ಕೌಂಟರಿನ ಈಚೆ ಕೂತವರೆಲ್ಲರ ಬಾಯಲ್ಲೂ ಈ ಎರಡು ಶಬ್ದ ಇದ್ದೇ ಇರುತ್ತವೆ, ಮರ್ಯಾದೆಗೆಂದು ‘ಬನ್ನಿ’ ಎನ್ನುತ್ತೇವೆ ಅಷ್ಟೇ. ಆ ಆಷಾಢದಲ್ಲಿ ದೇವರ ಪೆಟ್ಟಿಗೆಯ ಬಾಗಿಲಿಗೂ ಯಾರೋ ಅದನ್ನೇ ಬರೆದಿದ್ದಾರೇನೋ ಅನ್ನಿಸುತ್ತಿತ್ತು.

ಆಷಾಢದ ಏಕಾದಶಿ ಎಂದರೆ ಪಂಢರಪುರದ ವಾರಿಯ ದಿನವೂ ಹೌದು. ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಹೊರಟು ಸುಮಾರು ಮೂರು ವಾರ ನಡೆದು ಅಲ್ಲಿಗೆ ಸೇರುತ್ತವೆ. ನಮ್ಮ ಉತ್ತರ ಕರ್ನಾಟಕದಿಂದಲೂ ದಿಂಡಿಗಳು ತಾಳ ಬಾರಿಸುತ್ತ ಹೋಗುತ್ತವೆ. ನಮಗೆ ಅಲ್ಲಿಯ ವಿಠ್ಠಲ ಹೊರಗಿನವನಲ್ಲ. ಪುರಂದರ ವಿಠ್ಠಲ, ವಿಜಯ ವಿಠ್ಠಲ, ಗೋಪಾಲ ವಿಠ್ಠಲ, ಜಗನ್ನಾಥ ವಿಠ್ಠಲ, ಹೀಗೆ ನಮ್ಮ ದಾಸರ ಅಂಕಿತಗಳಲ್ಲಿ ನಿಂತವನು ಅವನೇ. ಆ ಏಕಾದಶಿಯ ರಾತ್ರಿ ಟಿ.ವಿ.ಯಲ್ಲಿ ಪಂಢರಪುರದ ಜನಸಾಗರ ನೋಡುತ್ತ, ಬಾಲ್ಯದಿಂದ ಕೇಳಿದ ಕಥೆಯೊಂದನ್ನು ಮೊದಲ ಸಲ ಎಂಬಂತೆ ನೆನೆದೆ.

ಪುಂಡಲೀಕ ತಂದೆತಾಯಿಯ ಸೇವೆಯಲ್ಲಿದ್ದಾನೆ. ಸಾಕ್ಷಾತ್ ಕೃಷ್ಣ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಪುಂಡಲೀಕ ಏಳುವುದಿಲ್ಲ. ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ಹಿಂದಕ್ಕೆ ಎಸೆದು, ಇದರ ಮೇಲೆ ನಿಂತಿರು, ಕೆಲಸ ಮುಗಿಸಿ ಬರುತ್ತೇನೆ ಎನ್ನುತ್ತಾನೆ. ದೇವರು ಇಟ್ಟಿಗೆಯ ಮೇಲೆ ನಿಂತ. ಇಪ್ಪತ್ತೆಂಟು ಯುಗಗಳಿಂದ ನಿಂತೇ ಇದ್ದಾನೆ ಎನ್ನುತ್ತದೆ ಸಂಪ್ರದಾಯ. ಇದನ್ನು ಹರಿಕಥೆಯಲ್ಲಿ ಕೇಳುವಾಗೆಲ್ಲ ಮಾತಾಪಿತೃ ಸೇವೆಯ ಹಿರಿಮೆಗೆ ತಲೆದೂಗಿದ್ದೆ. ಈಗ ಕಣ್ಣಿಗೆ ಬಿದ್ದದ್ದು ಇಟ್ಟಿಗೆ. ಹೊರಗೆ ಕೆಸರಿತ್ತು, ಬಂದವನ ಪಾದ ಕೆಸರಾಗದಿರಲಿ ಎಂದು ಅದನ್ನು ಎಸೆದನೆಂದು ಹೇಳುವವರುಂಟು. ಹಾಗಾದರೆ ಪುಂಡಲೀಕ ತಡೆ ಎಂದನೇ ಹೊರತು ಹೋಗು ಎನ್ನಲಿಲ್ಲ, ನಾಳೆ ಬಾ ಎಂದೂ ಬರೆಯಲಿಲ್ಲ. ನಿಲ್ಲಲು ಒಂದು ಜಾಗ ಕೊಟ್ಟ. ಬಂದವನೂ ಬೇಸರಿಸಲಿಲ್ಲ. ಸೊಂಟದ ಮೇಲೆ ಕೈಯೂರಿ, ಎಷ್ಟು ಹೊತ್ತಾದರೂ ಆಗಲಿ ಎಂದು ನಿಂತ. ಬೇಡುವವರು ನಾವು, ಕಾಯಿಸುವವನು ಅವನು ಎಂದು ನಾನು ಬರೆದಿಟ್ಟ ಲೆಡ್ಜರು ಪಂಢರಪುರದಲ್ಲಿ ತಾಳೆಯಾಗಲಿಲ್ಲ. ಅಲ್ಲಿ ನಿಂತು ಕಾಯುತ್ತಿರುವವನು ಅವನೇ. ಕೈತುಂಬ ಕೆಲಸ ಇರುವವನು ಮನುಷ್ಯ.

ಕಥೆಯ ಇನ್ನೊಂದು ಎಳೆ ನನ್ನ ಆಗಿನ ಸ್ಥಿತಿಗೆ ಇನ್ನೂ ಹತ್ತಿರದ್ದು. ಕೃಷ್ಣ ಆ ಕಡೆ ಬಂದದ್ದೇ ಮುನಿಸಿಕೊಂಡು ದ್ವಾರಕೆ ಬಿಟ್ಟುಬಂದ ರುಕ್ಮಿಣಿಯನ್ನು ಹುಡುಕಿಕೊಂಡು. ಪಂಢರಪುರದಲ್ಲಿ ಇಂದಿಗೂ ಅವಳ ಗರ್ಭಗುಡಿ ಬೇರೆ, ಅವನದು ಬೇರೆ. ಒಂದೇ ಆವರಣ, ಎರಡು ಬಾಗಿಲು. ಇದನ್ನು ಹೆಂಡತಿಗೆ ಫೋನಿನಲ್ಲಿ ಹೇಳಿದೆ. “ಆಕೀಗೆ ಕೂಸಿನ ಬಟ್ಟೀ ಒಗಿಯೋದಿರ್ಲಿಲ್ಲ, ಸಿಟ್ಟು ಮಾಡ್ಕೊಂಡು ಕೂತ್ಲು. ನನಗ ಪುರುಸೊತ್ತಿಲ್ಲ, ಇಡ್ತೀನಿ” ಎಂದಳು. ಅವಳ ಹತ್ತಿರವೂ ಒಂದು ಇಟ್ಟಿಗೆ ಇತ್ತು, ಅದರ ಮೇಲೆ ನಾನು ನಿಂತಿದ್ದೆ.

ಕಾಯುವುದನ್ನು ಹೀಗೆ ಹೊಗಳುವಾಗ ನಾಲಗೆ ತಡೆಯುವ ಒಂದು ಸಮಾಧಿ ಅದೇ ಪಂಢರಪುರದಲ್ಲಿದೆ. ದೇವಾಲಯದ ಮಹಾದ್ವಾರದ ಎದುರಿಗಿರುವ ಚೋಖಾಮೇಳನದು. ಹದಿನಾಲ್ಕನೆಯ ಶತಮಾನದ ಆ ಮಹಾರ ಸಂತ ವಿಠ್ಠಲನನ್ನೇ ಹಾಡಿದ, ಒಳಗೆ ಕಾಲಿಡಲು ಮಾತ್ರ ಅವನಿಗೆ ಅನುಮತಿ ಸಿಗಲಿಲ್ಲ. ಅವನ ಜನರಿಗೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಆರು ಶತಮಾನದ ಆ ಕಾಯುವಿಕೆಯನ್ನು ದೇವರ ಲೀಲೆ ಎನ್ನಲಾದೀತೆ? ಚಿಲಕ ಹಾಕಿದವರು ಮನುಷ್ಯರು, ತೆಗೆಯಬೇಕಾದವರೂ ಅವರೇ. ಹಾಗೆ ಹೊರಗೆ ಕಾದವರ ಮುಂದೆ ನಿಂತು ‘ದೇವರ ಮೇಲೆ ಭಾರ ಹಾಕಿ ಸುಮ್ಮನಿರು’ ಎನ್ನುವುದು ಭಕ್ತಿಯಲ್ಲ. ಸಾನೆ ಗುರೂಜಿ ಸುಮ್ಮನಿರಲಿಲ್ಲ. ನನ್ನ ಕಾಯುವಿಕೆ ಸುಖದ್ದು: ತಿಂಗಳಿಗೆ ಸರಿಯಾಗಿ ಪಿಂಚಣಿ, ತಲೆಯ ಮೇಲೆ ಸೋರದ ಮಾಡು, ಫೋನಿನಲ್ಲಿ ಬೈಯುವ ಹೆಂಡತಿ. ಆ ಸಮಾಧಿಯ ನೆನಪಾದಾಗ ನನ್ನ ಅಳಲಿನ ಅಳತೆ ನನಗೆ ಗೊತ್ತಾಗುತ್ತದೆ.

ಅಳತೆ ಗೊತ್ತಾದರೂ ಅಳಲು ಹೋಗಲಿಲ್ಲವೆನ್ನಿ. ಅದಕ್ಕೊಂದಿಷ್ಟು ಸಮಾಧಾನ ಸಿಕ್ಕಿದ್ದು ಒಂದು ನೋಟಿನಿಂದ. 2017ರಲ್ಲಿ ಬಂದ ತಿಳಿನೀಲಿ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ. ಕಟ್ಟುಗಟ್ಟಲೆ ಎಣಿಸಿ ದಾರ ಬಿಗಿದವನು ನಾನು, ನಿಂತು ನೋಡಿದ್ದಿಲ್ಲ. ಒಮ್ಮೆ ಹಾಲಿನವನಿಗೆ ಕೊಡುವ ಮುನ್ನ ನೋಡಿದೆ. ಆ ರಥ ಇರುವುದು ವಿಠ್ಠಲ ದೇವಾಲಯದ ಅಂಗಳದಲ್ಲಿ. ಒಳಗಿನ ಗರ್ಭಗುಡಿ ಖಾಲಿ. ಕೃಷ್ಣದೇವರಾಯ ಪಂಢರಪುರದ ಮೂರ್ತಿಯನ್ನು ಹಂಪಿಗೆ ತಂದನೆಂದೂ, ಏಕನಾಥರ ಮುತ್ತಜ್ಜ ಭಾನುದಾಸರು ಅದನ್ನು ಮರಳಿ ಒಯ್ದರೆಂದೂ ಐತಿಹ್ಯ. ದೇವರಿಲ್ಲದ ಆ ಗುಡಿಗೆ ಇಂದಿಗೂ ಜನ ಬರುತ್ತಾರೆ, ಕಂಬಗಳ ಮುಂದೆ ನಿಲ್ಲುತ್ತಾರೆ. ಹತ್ತಿರದ ಪುರಂದರ ಮಂಟಪದಲ್ಲಿ ಪುಷ್ಯ ಅಮಾವಾಸ್ಯೆಗೆ ಕೂತು ಹಾಡುತ್ತಾರೆ. ಖಾಲಿ ಮನೆಯಲ್ಲಿ ಸಂಜೆ ಆರಕ್ಕೆ ದೀಪ ಹಚ್ಚುವವನಿಗೆ ಅದು ದೊಡ್ಡ ಮಾತು.

ಹಾಗಾದರೆ ನಂಬುವುದೆಂದರೇನು? ನನಗೆ ತಿಳಿದ ಭಾಷೆಯಲ್ಲಿ ಹೇಳುವುದಾದರೆ, ಪಿಗ್ಮಿ ಕಟ್ಟಿದ ಹಾಗೆ. ಪಿಗ್ಮಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಅದನ್ನು ಶುರುಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಒಯ್ಯುತ್ತಿದ್ದ. ನಾನು ಕಂಡ ಪಿಗ್ಮಿ ಗಿರಾಕಿಗಳಲ್ಲಿ ಚಹಾದಂಗಡಿಯವರು, ಹೂ ಮಾರುವವರು, ಗಾಡಿಯ ಮೇಲೆ ಬಾಳೆಹಣ್ಣು ಮಾರುವವರೇ ಹೆಚ್ಚು. ಮಳೆಯಿರಲಿ, ವ್ಯಾಪಾರ ಬಿದ್ದಿರಲಿ, ಗಲ್ಲೆಯಿಂದ ಒಂದಿಷ್ಟು ತೆಗೆದು ಕೊಟ್ಟುಬಿಡುತ್ತಿದ್ದರು. ಇವತ್ತು ಕೊಟ್ಟದ್ದಕ್ಕೆ ಇವತ್ತು ಏನೂ ಕಾಣುವುದಿಲ್ಲ. ದೊಡ್ಡ ಮೊತ್ತ ಕೈಗೆ ಬಂದಾಗ ಒಮ್ಮೆಲೇ ಕಟ್ಟುತ್ತೇನೆ ಎಂದವರ ಖಾತೆ ತೆರೆದದ್ದನ್ನು ನಾನು ನೋಡಿಲ್ಲ. ನನ್ನ ಭಕ್ತಿಯೂ ಸಣ್ಣ ವ್ಯಾಪಾರದ್ದೇ. ಒಮ್ಮೆಲೇ ಶರಣಾಗತಿ ಎನ್ನುವಷ್ಟು ಬಂಡವಾಳವಿಲ್ಲ. ಇವತ್ತಿನ ದೀಪ, ಇವತ್ತಿನ ನೈವೇದ್ಯ, ಇವತ್ತಿನ ಹೆದರಿಕೆಯಲ್ಲಿ ಒಂದಿಷ್ಟನ್ನು ತೆಗೆದು ಅವನ ಕೈಗೆ ಹಾಕುವುದು. ಇಷ್ಟು ಮಾಡಿದರೆ ನಾಳೆಯದನ್ನು ನಾಳೆ ಕೇಳಲು ಅವನೇ ಬಾಗಿಲಿಗೆ ಬರುತ್ತಾನೆ ಎಂಬುದೇ ನನ್ನ ನಂಬಿಕೆ.

ಶ್ರಾವಣದಿಂದ ಮನೆಯಲ್ಲಿ ಸ್ವಲ್ಪ ಸದ್ದು ಶುರುವಾಯಿತು. ಎದುರು ಮನೆಯ ಹುಡುಗ ಗಣಿತ ಹೇಳಿಸಿಕೊಳ್ಳಲು ಬಂದ. ಅವನ ಹಿಂದೆ ಅವನ ಗೆಳೆಯ ಬಂದ, ಗಣಿತಕ್ಕಲ್ಲ, ಅವಲಕ್ಕಿಗೆ. ಓಣಿಯ ಹಿರಿಯರೊಬ್ಬರಿಗೆ ಮೊಬೈಲಿನಲ್ಲಿ ಕರೆಂಟ್ ಬಿಲ್ಲು ತುಂಬುವುದನ್ನು ಕಲಿಸಿದೆ. ಅವರು ಕಲಿಯಲಿಲ್ಲ, ದಿನಾ ಬಂದು ಮತ್ತೆ ಕೇಳುತ್ತಾರೆ. ಮನೆ ಮಾರುವ ಮಾತು ಇದ್ದಲ್ಲೇ ಇತ್ತು. ಆದರೂ ಅಟ್ಟದ ಒಡೆದ ಹೆಂಚು ಬದಲಿಸಿದೆ, ಹಿತ್ತಲಿನ ಪೇರಲ ಗಿಡಕ್ಕೆ ಗೊಬ್ಬರ ಹಾಕಿದೆ. ಹಣ್ಣು ತಿನ್ನುವವರು ಯಾರೆಂದು ಗೊತ್ತಾಗುವವರೆಗೆ ಗಿಡವನ್ನು ಉಪವಾಸ ಕೆಡವುವುದು ಯಾವ ನ್ಯಾಯ? ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಗೆ ನೆಲ್ಲಿಯ ಟೊಂಗೆ, ಕಬ್ಬು ಕಟ್ಟಿ ಲಗ್ನ ಮಾಡಿದೆವು. ಹುಡುಗರಿಬ್ಬರೂ ಬೀಗರ ಕಡೆಯವರಾದರು. ಹೆಂಡತಿ ಬರುವುದಕ್ಕೆ ಇನ್ನೂ ದಿನಗಳಿದ್ದವು, ವಿಡಿಯೋದಲ್ಲಿ ನೋಡಿ “ರಂಗೋಲಿ ಸೊಟ್ಟ ಆಗ್ಯದ” ಎಂದಳು. ದೇವರು ಎದ್ದ. ಎದ್ದವನು ನನ್ನ ಯಾವ ಪ್ರಶ್ನೆಗೂ ಉತ್ತರ ಹೇಳಲಿಲ್ಲ. ನಾನೂ ಕೇಳಿರಲಿಲ್ಲ ಆಗ, ಹೋಳಿಗೆ ಹೊತ್ತುತ್ತಿತ್ತು.

ದೇವರು ಏಳುವ ಕಾಲಕ್ಕೇ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಬೇಕು. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಟ್ಟರೇ ಮುಂದಿನ ಪಿಂಚಣಿ. ನನ್ನ ಮೊದಲ ಪ್ರಮಾಣಕ್ಕೆಂದು ಶಾಖೆಗೆ ಹೋದೆ. ಕೌಂಟರಿನ ಹುಡುಗಿ ಯಂತ್ರದ ಮೇಲೆ ಹೆಬ್ಬೆರಳು ಇಡಿಸಿದಳು, ತೋರುಬೆರಳು ಇಡಿಸಿದಳು, ಒರೆಸಿ ಮತ್ತೆ ಇಡಿಸಿದಳು. “ಸರ್ವರ್ ಇಲ್ಲ ಅಂಕಲ್, ಬರೋತನಕ ಅಲ್ಲಿ ಕೂತಿರ್ರಿ, ಕರೀತೀನಿ” ಎಂದಳು. ಬದುಕಿದ್ದೇನೋ ಇಲ್ಲವೋ ತೀರ್ಮಾನವಾಗದೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಹಳ್ಳಿಯ ಒಬ್ಬ ಅಜ್ಜಿ, ಕೈಯಲ್ಲಿ ಪಾಸ್‌ಬುಕ್ಕು, ಖಾಲಿ ಚೀಟಿ. “ಯಪ್ಪಾ, ಇದನ್ನೊಂದೀಟು ಬರದ್ ಕೊಡ್ತೀಯೇನು?” ಎಂದಳು. ಬರೆಯತೊಡಗಿದೆ. ಅಷ್ಟರಲ್ಲಿ ಅವಳ ಹಿಂದೆ ಇನ್ನಿಬ್ಬರು ಚೀಟಿ ಹಿಡಿದು ನಿಂತರು. ಮೂರನೆಯವನದು ಅರ್ಧ ಆಗಿರುವಾಗ ಕೌಂಟರಿನಿಂದ ಕೂಗು ಬಂತು: “ಅಂಕಲ್, ಸರ್ವರ್ ಬಂತು, ಲಗೂನ ಬರ್ರಿ!”

“ತಡೀವಾ ತಂಗಿ, ಇದೊಂದು ಮುಗಿಸಿ ಬಂದೆ” ಎಂದು ಕೂತಲ್ಲಿಂದಲೇ ಹೇಳಿ, ಆ ಮನುಷ್ಯನ ಖಾತೆಯ ನಂಬರನ್ನು ಮತ್ತೊಮ್ಮೆ ತಾಳೆ ನೋಡಿದೆ.